ಪರ್ಷಿಯದ ರಾಣಿಯರೂ ನನ್ನ ಹತ್ತು ನಿಮಿಷವೂ

ಶಾಲೆಯೊಂದನ್ನು ಬಿಟ್ಟರೆ ಹಿಡಿದ ಯಾವ ಕೆಲಸವನ್ನೂ ಅರ್ಧಕ್ಕೆ ಕೈಬಿಟ್ಟವನಲ್ಲ ನಾನು. ಏಳನೇ ಕ್ಲಾಸಿಗೇ ಓದು ಮುಗಿಸಿದವನಿಗೆ ಓದಿದವರ ಮುಂದೆ ತಲೆ ತಗ್ಗಿಸಬಾರದು ಎಂಬ ಒಂದು ಹಟ ಇರುತ್ತದೆ. ಆ ಹಟದಿಂದಲೇ ಇಂಗ್ಲಿಷರ ನಾಡಿಗೆ ಬಂದು ಪಾರ್ಕ್ ರಾಯಲ್‌ನ ಬ್ರೆಡ್ ಫ್ಯಾಕ್ಟರಿಯಲ್ಲಿ ದುಡಿದು ಗ್ರೀನ್‌ಫರ್ಡಿನಲ್ಲಿ ಮನೆ ಮಾಡಿದೆ. ಆ ಹಟದಿಂದಲೇ ಪರ್ಷಿಯದ ರಾಣಿಯರ ಕೈಗೂ ಸಿಕ್ಕಿಬಿದ್ದೆ.

ನಮ್ಮ ಕನ್ನಡ ಸಂಘದ ಮಹಿಳಾ ದಿನಾಚರಣೆಯಲ್ಲಿ ಭಾಷಣ ಗಂಡಸರದು, ಉಪ್ಪಿಟ್ಟು ಹೆಂಗಸರದು. ಯಾರೂ ಮಾಡಿದ ನಿಯಮವಲ್ಲ, ಹಾಗೇ ನಡೆದುಬಂದಿದೆ. ಈ ಸಲ ಭಾಷಣಕ್ಕೆ ನಾನು ಕೈಯೆತ್ತಿದಾಗ ಕಂಪ್ಯೂಟರ್ ಕೆಲಸದ ಪ್ರಸಾದ್ ನಕ್ಕ. "ಬಸಣ್ಣಾ, ಕುರ್ಚಿ ಜೋಡಿಸೋದ್ರಲ್ಲಿ ನೀವು ಎಕ್ಸ್‌ಪರ್ಟು. ಭಾಷಣ ನಮಗೆ ಬಿಡಿ." ಅಷ್ಟು ಸಾಕಾಯಿತು. "ಪುರಾತನ ಪರ್ಷಿಯದ ರಾಣಿಯರು. ಹತ್ತು ನಿಮಿಷ. ಬರ್ಕೋರಿ" ಅಂದೆ.

ಆ ವಿಷಯ ತಲೆಗೆ ಹಾಕಿದವಳು ನಮ್ಮ ಪ್ಯಾಕಿಂಗ್ ಸೂಪರ್‌ವೈಸರ್, ಇರಾನಿನ ಫರೀದಾ. ಅವಳ ಸಹಿ ಇಲ್ಲದೆ ಲಾರಿ ಹೊರಡುವುದಿಲ್ಲ. ಒಮ್ಮೆ ನಾನು ಅದಕ್ಕೆ ಗೊಣಗಿದಾಗ ಟೀ ಬ್ರೇಕಿನಲ್ಲಿ ಕೂರಿಸಿ ಪಾಠ ಹೇಳಿದ್ದಳು: ಎರಡೂವರೆ ಸಾವಿರ ವರ್ಷದ ಹಿಂದೆಯೇ ಅವರ ಇರ್ದಬಾಮಾ ಎಂಬ ರಾಜಮನೆತನದ ಹೆಂಗಸಿಗೆ ಸ್ವಂತ ಜಮೀನು, ನೂರಾರು ಆಳು, ಸ್ವಂತ ಮುದ್ರೆ ಇತ್ತಂತೆ. ನಾನು ಎದ್ದು ಹೋಗಿ ಪೆಟ್ಟಿಗೆ ಹೊತ್ತೆ.

ಉಳಿದದ್ದನ್ನು ಲೈಬ್ರರಿಯ ಪುಸ್ತಕದಲ್ಲಿ ಬೆರಳಿಟ್ಟು ಓದಿ ಬರೆದೆ. ಮನೆಯಲ್ಲಿ ಹಿಸ್ಟರಿ ಬಿ.ಎ. ಮಾಡಿದ ಹೆಂಡತಿ ಗಿರಿಜಾ ಇದ್ದಳು. ಕೇಳಿದೆನೇ? ಕೇಳಲಿಲ್ಲ. ಅವಳೇ ಇಣುಕಿದಳು.

"ಏನ್ರೀ ಇದು, 'ಡೇರಿಯಸ್ ದೊರೆ ರಾಣಿ ಅಟೊಸ್ಸಾಳಿಗೆ ದೊಡ್ಡ ಸ್ಥಾನ ಕೊಟ್ಟ' ಅಂತ ಬರದೀರಿ? ಆಕಿ ಹಳೇ ದೊರೆ ಸೈರಸ್‌ನ ಮಗಳ್ರೀ. ಆಕೀನ್ನ ಲಗ್ನ ಆಗಿದ್ದಕ್ಕ ಇವನ ಸಿಂಹಾಸನ ಗಟ್ಟಿ ಆತು. ಕೊಟ್ಟಾಂವ ಇವನಲ್ಲ."

"ನಿನ್ನ ಯಾರ ಕೇಳಿದ್ರು? ಇದು ನನ್ನ ಭಾಷಣ."

"ಹೌದ್ರೀ, ತಪ್ಪೂ ನಿಮ್ದ ಇರ್ಲಿ."

ಒಂದಕ್ಷರ ತಿದ್ದಲಿಲ್ಲ ನಾನು.

ಆ ದಿನ ವೆಂಬ್ಲಿಯ ಹಾಲಿನಲ್ಲಿ ಎಂಟು ನಿಮಿಷ ಎಲ್ಲೂ ತಡವರಿಸದೆ ಓದಿದೆ. ಆಗ ಪ್ರಸಾದ್ ಎದ್ದ. "ಬಸಣ್ಣಾ, ಒಂದು ಡೌಟು. ಡೇರಿಯಸ್‌ಗೆ ಬೇರೆ ಹೆಂಡತಿಯಿಂದ ಹಿರಿ ಮಗ ಇದ್ನಲ್ಲ, ಅಟೊಸ್ಸಾಳ ಮಗನೇ ಹೇಗೆ ರಾಜ ಆದ?"

ನನ್ನ ಹಾಳೆಯಲ್ಲಿ ಅದಿರಲಿಲ್ಲ. ವೇದಿಕೆ ಬಿಟ್ಟು ಓಡುವ ಜಾಯಮಾನ ನನ್ನದಲ್ಲ; ಹಾಳೆಯ ಹಿಂಬದಿ ತಿರುವಿ ನೋಡಿದೆ, ಖಾಲಿ. ಅಡುಗೆಮನೆಯ ಬಾಗಿಲಲ್ಲಿ ಗಿರಿಜಾ ಸೌಟು ಹಿಡಿದು ನಿಂತಿದ್ದಳು. "ಉಳಿದ ಎರಡು ನಿಮಿಷ ನಮ್ಮ ಮನೆಯವರದು" ಎಂದುಬಿಟ್ಟೆ.

ಅವಳು ದಾರಿಯಲ್ಲಿ ಸೌಟನ್ನು ಪ್ರಸಾದನ ಕೈಗಿತ್ತು ಬಂದಳು. "ನೋಡ್ರಿ ತಮ್ಮಾ, ಆ ಹುಡುಗ ಸೈರಸ್‌ನ ಮೊಮ್ಮಗ. ಆ ರಕ್ತ ತಾಯಿ ಕಡೀಂದ ಬಂದದ್ದು. ಅಪ್ಪನ ಹಂತ್ಯಾಕ ಎಲ್ಲಿತ್ತು?" ಹೆಂಗಸರೆಲ್ಲ ಒಲೆ ಆರಿಸಿ ಹೊರಗೆ ಬಂದರು. ಎರಡು ನಿಮಿಷ ಇಪ್ಪತ್ತಾಯಿತು. ಸ್ಟ್ಯಾಂಡು ಅವಳ ಎತ್ತರಕ್ಕೆ ಇಳಿಯದೆ ಮೈಕನ್ನು ನಾನೇ ಹಿಡಿದು ನಿಂತಿದ್ದೆ. ಕೈ ಸೋತರೂ ಅಲುಗಾಡಿಸಲಿಲ್ಲ.

ಚಪ್ಪಾಳೆ ನಿಲ್ಲುವಷ್ಟರಲ್ಲಿ ಅಧ್ಯಕ್ಷರು ಬಂದು ನನ್ನ ಬೆನ್ನು ತಟ್ಟಿದರು. "ಬಹಳ ಒಳ್ಳೆ ಭಾಷಣ ಬಸಣ್ಣಾ!" ಅದು ನನ್ನದಲ್ಲ ಎನ್ನಲು ಬಾಯಿ ತೆರೆದೆ. ಬಂದದ್ದು, "ಥ್ಯಾಂಕ್ಸ್ ಸರ್, ಭಾಳ ಕಷ್ಟಪಟ್ಟೆ."