ಅರ್ಧ ಲೀಟರ್ ಹೆಚ್ಚು

ಗಂಡ: ಹೆಚ್ಚಾದ್ರೆ ಒಳ್ಳೇದೇ ಅಲ್ವೇನೇ? ಎಣ್ಣೆ ಕಮ್ಮಿಯಾದ್ರೆ ತಾನೇ ಇಂಜಿನ್ ಸವೆಯೋದು?

ಹೆಂಡತಿ: ಕಾರಿನ ಪುಸ್ತಕದಲ್ಲಿ ಮೂರು ಲೀಟರ್ ಅಂತಿದೆ. ನೀವು ಹಾಕಿರೋದು ಮೂರೂವರೆ. ಯಾಕ್ರೀ?

ಗಂಡ: ಡಬ್ಬೀಲಿ ಇದ್ದಿದ್ದೇ ಅಷ್ಟು.

ಹೆಂಡತಿ: ಉಪ್ಪಿನ ಡಬ್ಬೀಲಿ ಇರೋದನ್ನೆಲ್ಲಾ ನಾನು ಅಡುಗೆಗೆ ಸುರೀತೀನಾ?

ಬಾನೆಟ್ ತೆರೆದ ಕಾರಿನ ಮುಂದೆ ಅವಳು ಅಳತೆ ಕಡ್ಡಿ ಹಿಡಿದು ನಿಂತಿದ್ದಳು. ಎಣ್ಣೆ ಮೇಲಿನ ಗೆರೆಯನ್ನು ದಾಟಿ ಏರಿತ್ತು. ಹನ್ನೊಂದಕ್ಕೆ ಅವಳ ಡ್ರೈವಿಂಗ್ ಪರೀಕ್ಷೆ, ಇದೇ ಕಾರಿನಲ್ಲಿ. ತಪ್ಪಿದರೆ ಮತ್ತೆ ಸರದಿ ಬರುವುದು ಮೂರು ತಿಂಗಳಿಗೆ. ‘ನಿನಗೋಸ್ಕರ’ ಎಂದು ಗಂಡ ಬೆಳಿಗ್ಗೆಯೇ ಎದ್ದು ಹಳೆಯ ಎಣ್ಣೆಯನ್ನು ಅವಳ ಹಿಟ್ಟು ಕಲಸುವ ಬೋಗುಣಿಗೆ ಇಳಿಸಿ, ಅವಳ ಅಡುಗೆಮನೆಯ ಲಾಳಿಕೆಯಿಂದಲೇ ಹೊಸದನ್ನು ಸುರಿದಿದ್ದ. ಕಾರಿನ ಎಲ್ ಬೋರ್ಡ್ ಕೊಳೆಯಾಗದಿರಲೆಂದು ಕಿತ್ತು ಅಮ್ಮನ ಕೈಗೆ ಕೊಟ್ಟಿದ್ದ. ಅತ್ತೆ ಮೆಟ್ಟಿಲ ಮೇಲೆ ಕುಳಿತು ಅದರಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು.

ಗಂಡ: ಹತ್ತು ನಿಮಿಷ ಓಡಿಸೋದು ತಾನೇ? ಸ್ಟಾರ್ಟ್ ಮಾಡು.

ಹೆಂಡತಿ: ಎಣ್ಣೆ ನೊರೆ ಎದ್ದು ಹೊಗೆ ಬಂದ್ರೆ ಪರೀಕ್ಷೆ ಮಾಡೋರು ಕೆಳಗಿಳಿ ಅನ್ನೋದು ನನಗೆ, ನಿಮಗಲ್ಲ.

ಗಂಡ: ಹಾಗಾದ್ರೆ ಕೆಳಗಿನ ಬೋಲ್ಟ್ ಬಿಚ್ಚಿ ಸ್ವಲ್ಪ ಬಿಡ್ತೀನಿ.

ಹೆಂಡತಿ: ಬೇಕಾದಷ್ಟು ಬಿಟ್ಟು ನಿಲ್ಸೋಕೆ ಅದೇನು ನಲ್ಲೀನಾ? ಎಲ್ಲಾ ಅಂಗಳಕ್ಕೇ ಬರುತ್ತೆ. ಉಜ್ಜೋದು ಯಾರು?

ಈ ಪ್ರಶ್ನೆಗೆ ಆ ಮನೆಯಲ್ಲಿ ಹತ್ತು ವರ್ಷದಿಂದ ಒಂದೇ ಉತ್ತರವಿದ್ದುದರಿಂದ ಯಾರೂ ಅದನ್ನು ಹೇಳುವ ಗೋಜಿಗೆ ಹೋಗಲಿಲ್ಲ.

ಹೆಂಡತಿ: ಮೇಲಿಂದಲೇ ಹೀರಿ ತೆಗೀಬೇಕು. ದೊಡ್ಡ ಸಿರಿಂಜು ತನ್ನಿ, ಸಣ್ಣ ಪೈಪಿನ ಸಮೇತ.

ಗಂಡ: ನಮ್ಮನೇಲಿ ಸಿರಿಂಜೆಲ್ಲಿದೆ?

ಅತ್ತೆ ಬೀಸುವುದನ್ನು ನಿಲ್ಲಿಸಿದರು.

ಅತ್ತೆ: ನನ್ನ ಗಂಟಲು ಆಪರೇಷನ್ ಆದಾಗ ಮೂರು ತಿಂಗಳು ಮೂಗಿನ ಪೈಪಿಂದ ಹೊಟ್ಟೆಗೆ ಊಟ ಹೋಗಿದ್ದೇ ಅದರಲ್ಲಿ ಕಣೋ!

ಗಂಡ: ಆಗ ನಾನೂ ಇದ್ದೆನಲ್ಲಮ್ಮ.

ಅತ್ತೆ: ಇದ್ದೆ, ಬಾಗಿಲಲ್ಲಿ. ‘ಅಮ್ಮಂದು ಊಟ ಆಯ್ತಾ’ ಅಂತ ಕೇಳ್ಕೊಂಡು.

ಹೆಂಡತಿ: ಬೀರುವಿನ ಮೇಲಿನ ಖಾನೇಲಿ ಬಿಳಿ ಡಬ್ಬಿ ಇದೆ, ನೋಡಿ.

ಅವನು ತಂದದ್ದು ಹೊಲಿಗೆಯ ಡಬ್ಬಿ. ‘ಇದೂ ಬಿಳೀನೇ ಅಲ್ವಾ?’ ಎಂದು ವಾದಿಸಿಯೂ ನೋಡಿದ. ಎರಡನೇ ಸಲ ಸರಿಯಾದದ್ದು ಬಂತು. ಅವಳು ಕಡ್ಡಿ ಇಡುವ ತೂತಿನೊಳಗೆ ಪೈಪು ಇಳಿಸಿ ಒಮ್ಮೆ ಎಳೆದು, ಜೇನಿನ ಬಣ್ಣದ ಎಣ್ಣೆಯನ್ನು ಖಾಲಿ ಡಬ್ಬಿಗೆ ಬಿಟ್ಟಳು.

ಹೆಂಡತಿ: ಐವತ್ತು ಮಿಲಿ ಬಂತು. ಇನ್ನು ಒಂಬತ್ತು ಸಲ. ಹಿಡ್ಕೊಳ್ಳಿ.

ಗಂಡ: ನಾನಾ? ಮತ್ತೆ ನೀನು?

ಹೆಂಡತಿ: ನಾನು ಬಾಗಿಲಲ್ಲಿ ನಿಂತ್ಕೋತೀನಿ.

ನಾಲ್ಕನೇ ಸಲಕ್ಕೇ ಅವನು ಸಿರಿಂಜನ್ನು ಎಡಗೈಗೆ ಬದಲಾಯಿಸಿದ.

ಗಂಡ: ಅಬ್ಬಾ, ಎಷ್ಟು ಬಿಗಿ! ದಿನಕ್ಕೆ ಎಷ್ಟು ಸಲ ಮಾಡ್ತಿದ್ದೆ ನೀನು ಇದನ್ನ?

ಹೆಂಡತಿ: ಒಂದು ಊಟಕ್ಕೆ ಆರು. ದಿನಕ್ಕೆ ಐದು ಊಟ. ಮೂರು ತಿಂಗಳು.

ಅವನು ಮನಸ್ಸಿನಲ್ಲೇ ಗುಣಿಸಲು ಹೊರಟು, ಅರ್ಧದಲ್ಲಿ ಬಿಟ್ಟ.

ಅತ್ತೆ: ಏನೋ, ಇಂಜಿನ್‌ದು ಊಟ ಆಯ್ತಾ?

ಹತ್ತನೆಯ ಸಲವೂ ಮುಗಿಯಿತು. ಅವಳು ಕಡ್ಡಿ ಒರೆಸಿ, ಅದ್ದಿ, ತೆಗೆದು ನೋಡಿದಳು. ಎಣ್ಣೆ ಗೆರೆಗೆ ಸರಿಯಾಗಿ ನಿಂತಿತ್ತು. ಗಂಡ ಕೈ ತೊಳೆದು ಬಂದವನೇ ಗೆದ್ದ ಠೀವಿಯಲ್ಲಿ ಸ್ಟೀರಿಂಗ್ ಹಿಂದೆ ಕುಳಿತ.

ಗಂಡ: ನೋಡು, ಹೇಗೆ ಸರಿಮಾಡಿದೆ!

ಹೆಂಡತಿ: ಇಳೀರಿ, ಈ ಸೀಟು ನಂದು. ಕಲಿಯೋರ ಪಕ್ಕ ಲೈಸೆನ್ಸ್ ಇರೋರು ಇರ್ಬೇಕಂತೆ. ನೀವು ಬೇಕಾಗಿರೋದು ಅಷ್ಟಕ್ಕೇ.

ಅವನು ಇಳಿದು ಸುತ್ತಿ ಬಂದು ಪಕ್ಕದ ಬಾಗಿಲು ತೆರೆದ. ಅತ್ತೆ ಎಲ್ ಬೋರ್ಡ್ ಹಿಡಿದು ಎದ್ದು ಬಂದರು. ಕಾರನ್ನು ನೋಡಿದರು, ಮಗನ ಬೆನ್ನನ್ನು ನೋಡಿದರು.

ಅತ್ತೆ: ಇದನ್ನ ಕಾರಿಗೇ ಅಂಟಿಸ್ಲಾ ಮಗಳೇ, ಇವನ ಅಂಗಿಗಾ?