ಮಳೆ ಅಳೆಯುವವನ ಫಜೀತಿಗಳು

ಮಳೆ ಅಳೆಯುವ ಕೆಲಸದಲ್ಲಿ ನಗಲಿಕ್ಕೆ ಏನಿದೆ ಅಂತ ಕೇಳುವವರಿದ್ದಾರೆ. ಅವರು ಅಳೆದು ನೋಡಿಲ್ಲ, ಅಷ್ಟೆ. ಅರವತ್ತರ ದಶಕದಲ್ಲಿ ನಾನು ತೀರ್ಥಹಳ್ಳಿ, ಸಾಗರ, ಹೊಸನಗರದ ತಾಲ್ಲೂಕು ಕಚೇರಿಗಳಲ್ಲಿ ಗುಮಾಸ್ತನಾಗಿದ್ದೆ. ಹೋದಲ್ಲೆಲ್ಲ ಮಳೆಮಾಪಕ ನನ್ನ ಕೊರಳಿಗೇ ಬೀಳುತ್ತಿತ್ತು. ಬೆಳಿಗ್ಗೆ ಎಂಟೂವರೆಗೆ ಅದರೊಳಗಿನ ಬಾಟಲಿಯ ನೀರು ಅಳೆದು ಮೇಲಿನ ಕಚೇರಿಗೆ ತಂತಿ ಕೊಡಬೇಕು. ಅಲ್ಲಿಂದ ಆ ಅಂಕಿ ದೇಶ ದೇಶಕ್ಕೂ ಹೋಗುತ್ತದಂತೆ. ಜಗತ್ತಿಗೇ ಮಳೆ ವರದಿ ಕೊಡುವವನು ಎಂಬ ಜಂಬ ನನಗಿತ್ತು. ಅದನ್ನು ಇಳಿಸುವವರೂ ಆಗಾಗ ಸಿಗುತ್ತಿದ್ದರು.

೧. ಸಣ್ಣ ಅಳತೆ

ತೀರ್ಥಹಳ್ಳಿಯಲ್ಲಿದ್ದಾಗ ಇಂಚು ಹೋಗಿ ಮಿಲಿಮೀಟರ್ ಬಂತು. ದಿನದ ಮಳೆಯನ್ನು ಕಚೇರಿಯ ಹಲಗೆಯ ಮೇಲೆ ಬರೆಯುತ್ತಿದ್ದೆ. ಮಂಡಗದ್ದೆ ಕಡೆಯ ರೈತರೊಬ್ಬರು ಅದನ್ನು ನೋಡಿ ಗಾಬರಿಯಿಂದ ಒಳಗೆ ಬಂದರು.

"ನಿನ್ನೆ ಮೂರು ಅಂತ ಬರ್ದಿದ್ರಿ. ಇವತ್ತು ಎಪ್ಪತ್ತಾರಾ? ಇನ್ನು ಮನೆ ಸೇರೋದು ಹೆಂಗ್ರೀ?"

"ಮಳೆ ನಿನ್ನೆಯಷ್ಟೇ ಯಜಮಾನ್ರೇ. ಅಳತೆ ಬದಲಾಗಿದೆ. ಇದು ಸಣ್ಣ ಅಳತೆ."

ಅವರು ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಬೇಸಿಗೇಲೂ ಇದನ್ನೇ ಇಟ್ಕೊಳ್ಳಿ. ನೋಡೋಕಾದ್ರೂ ಜಾಸ್ತಿ ಕಾಣ್ತದೆ."

೨. ಬೆನ್ನು ಮತ್ತು ಹೊಟ್ಟೆ

ಸಾಗರಕ್ಕೆ ಒಮ್ಮೆ ವಿದೇಶಿ ವಿದ್ವಾಂಸರೊಬ್ಬರು ಬಂದರು. ಜೋಗ ನೋಡಲಿಕ್ಕಲ್ಲ, ನನ್ನ ಮಳೆ ಪುಸ್ತಕ ನೋಡಲಿಕ್ಕೆ! ಅವರ ಕೈಯಲ್ಲಿ ಉಪಗ್ರಹ ಮೇಲಿನಿಂದ ತೆಗೆದ ಮೋಡದ ಚಿತ್ರವಿತ್ತು. ನಮ್ಮ ಜವಾನ ಬಗ್ಗಿ ನೋಡಿ, "ಇದ್ರಲ್ಲಿ ಮಳೆ ಎಲ್ಲಿದೆ?" ಅಂದ.

"ಮಳೆ ಕಾಣುವುದಿಲ್ಲ, ಮೋಡದ ಮೇಲ್ಭಾಗ ಮಾತ್ರ," ಎಂದು ಅವರು ಹೇಳಿದ್ದನ್ನು ನಾನು ನನ್ನ ಹರಕು ಇಂಗ್ಲಿಷಿನಲ್ಲಿ ತಿಳಿದುಕೊಂಡು ಹೇಳಿದೆ.

ಜವಾನ ಅಂದ, "ಹಂಗಾದ್ರೆ ಮೋಡದ ಬೆನ್ನು ಇವ್ರಿಗೆ ಗೊತ್ತು, ಹೊಟ್ಟೆ ನಮಗೆ ಗೊತ್ತು. ಎರಡೂ ಸೇರ್ಸಿ ಬರ್ಕೊಳ್ಳಿ ಅನ್ನಿ."

ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿದ್ದೇ ತಡ, ಆ ವಿದ್ವಾಂಸರು ಕುರ್ಚಿಯಿಂದ ಎದ್ದೇ ಬಿಟ್ಟರು. "ನಿಮ್ಮ ಆ ಹೊಟ್ಟೆಯ ಲೆಕ್ಕ ಕೇಳಿಕೊಳ್ಳಲಿಕ್ಕೇ ನಾನು ಸಮುದ್ರ ದಾಟಿ ಬಂದಿದ್ದು!"

ಜವಾನನಿಗೆ ಪಾಪ ಅನ್ನಿಸಿತು. "ಒಂದು ಕಾಗದ ಹಾಕಿದ್ರೆ ಸಾಕಿತ್ತಲ್ಲ ಸ್ವಾಮಿ."

೩. ಮೋಡವಿಲ್ಲದ ಮಳೆ

ಹೊಸನಗರದಲ್ಲಿ, ಮಾರ್ಚ್ ತಿಂಗಳು. ನಾನು ಸಾಗರದಲ್ಲಿ ಒಂದು ಮದುವೆ ಮುಗಿಸಿ ಬೆಳಗಿನ ಬಸ್ಸು ಹಿಡಿದೆ. ಅದು ದಾರಿಯಲ್ಲಿ ಕೆಟ್ಟು ಹತ್ತು ಗಂಟೆಗೆ ಇಳಿಸಿತು. ಓಡಿ ಹೋಗಿ ನೋಡಿದರೆ ಬಾಟಲಿಯಲ್ಲಿ ನಲವತ್ತು ಮಿಲಿಮೀಟರ್! ನೆಲದಲ್ಲಿ ಧೂಳು. ಆದರೆ ಬಾಟಲಿಯಲ್ಲಿರುವುದನ್ನು ಬರೆಯಬೇಕು ಎಂಬುದು ನಿಯಮ. ತಂತಿ ಕೊಟ್ಟೆ.

ಸ್ವಲ್ಪ ದಿನಕ್ಕೆ ಮೇಲಿನಿಂದ ಕಾಗದ ಬಂತು: "ಅಮೆರಿಕದವರು ಕೊಟ್ಟ ಉಪಗ್ರಹದ ಚಿತ್ರದಲ್ಲಿ ಆ ದಿನ ನಿಮ್ಮ ಕಡೆ ಒಂದು ಮೋಡವೂ ಇಲ್ಲ. ವಿವರಣೆ ಕೊಡಿ." ಕೆಲಸ ಹೋಯಿತು ಅಂದುಕೊಂಡೆ. ಕಚೇರಿಯ ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೋಗಿ, ನಾನು ಮದುವೆಗೆ ಹೋಗಿದ್ದಾಗ ಮಾಪಕದ ಬಳಿ ಯಾರಾದರೂ ಬಂದಿದ್ದರಾ ಅಂತ ಕೇಳಿದೆ.

"ನಾನೇ ಬಂದಿದ್ದೆ ಮಾರಾಯ. ಒಂದು ಚೊಂಬು ಅಭಿಷೇಕ ಮಾಡ್ದೆ."

"ಅಜ್ಜೀ, ಅದು ದೇವರಲ್ಲ!"

"ಮತ್ತೆ ಸುತ್ತ ಬೇಲಿ ಯಾಕೆ ಕಟ್ಟಿದ್ದು? ನೀನು ದಿನಾ ಬೆಳಿಗ್ಗೆ ಅದರ ಮುಂದೆ ಮಂಡಿಯೂರಿ ಬಗ್ಗೋದು ಯಾಕೆ? ಅವತ್ತು ಎಂಟೂವರೆ ಆದ್ರೂ ನೀನು ಬರ್ಲಿಲ್ಲ. ಪೂಜೆ ತಪ್ಪಬಾರ್ದು ಅಂತ ನಾನೇ ಮುಗಿಸ್ದೆ."

ತಡವಾಗಿ ಬಂದದ್ದನ್ನೂ ಸೇರಿಸಿ ಎಲ್ಲ ಒಪ್ಪಿಕೊಂಡು ಬರೆದೆ. ಮೇಲಿನವರು ಓದಿ ನಕ್ಕರಂತೆ. ಒಂದು ಎಚ್ಚರಿಕೆಯಲ್ಲಿ ಪಾರಾದೆ. ಆ ನೆಮ್ಮದಿಯಲ್ಲಿ ಅಜ್ಜಿಗೆ ಹೇಳಿದೆ, "ನಿಮ್ಮ ಒಂದು ಚೊಂಬು ನೀರಿನ ಸುದ್ದಿ ಅಮೆರಿಕದ ತನಕ ಹೋಯ್ತು."

ಅಜ್ಜಿ ಎರಡೂ ಕೈ ಮುಗಿದರು. "ಅಷ್ಟು ದೂರ ಮುಟ್ತಾ? ಹಂಗಾದ್ರೆ ಕೈಲಾಸಕ್ಕೂ ಮುಟ್ಟಿರ್ತದೆ ಬಿಡು."