ಗರಗರ ಅನ್ನುವ ಕಾರುಗಳು

ಕಾರು ಕೆಟ್ಟು ನಿಂತರೆ ರಿಪೇರಿ ಸುಲಭ. ನಿಲ್ಲದೆ ಗರಗರ ಅನ್ನತೊಡಗಿದರೆ ಕಷ್ಟ. ಆಗ ಕಾರಿಗಿಂತ ಮೊದಲು ಕಾರಿನವರನ್ನು ತಿಳಿದುಕೊಳ್ಳಬೇಕಾಗುತ್ತದೆ. ಹೈದರಾಬಾದಿನಿಂದ ಸೊಲ್ಲಾಪುರಕ್ಕೆ ಹೋಗುವ ದಾರಿಯ ಮೇಲೆ, ಹುಮನಾಬಾದಿನಲ್ಲಿ ನನ್ನ ರಿಪೇರಿ ಅಂಗಡಿ ಇತ್ತು. ನಿಜಾಮನ ಆಳ್ವಿಕೆ ಮುಗಿದು ಹೊಸ ಸರಕಾರ ಬಂದ ಕಾಲ. ಹತ್ತಿರದ ಬಸವಕಲ್ಯಾಣವನ್ನು ನಾವೆಲ್ಲ ಇನ್ನೂ ಕಲ್ಯಾಣಿ ಅನ್ನುತ್ತಿದ್ದೆವು. ಎರಡೂ ಊರು ಸೇರಿಸಿದರೂ ಕಾರುಗಳು ಬೆರಳೆಣಿಕೆಯಷ್ಟು. ಆದರೂ ಇಂಥ ಪ್ರಸಂಗಗಳಿಗೆ ಬರವಿರಲಿಲ್ಲ.

ಬಸ್ಸಿನಲ್ಲಿ ಬಂದ ಸದ್ದು

ಕಲ್ಯಾಣಿಯ ಅರಿವೆ ವ್ಯಾಪಾರಿಯೊಬ್ಬರ ಕಾರು ಸದ್ದು ಮಾಡತೊಡಗಿತು. ದಾರಿಯಲ್ಲಿ ಚಕ್ರ ಕಳಚೀತೆಂಬ ಭಯಕ್ಕೆ ಅವರು ಕಾರನ್ನು ಮನೆಯಲ್ಲೇ ಬಿಟ್ಟು, ಸದ್ದು ಹೇಗಿದೆಯೆಂದು ತೋರಿಸಲು ತಮ್ಮ ಲೆಕ್ಕ ಬರೆಯುವ ಮುನಶಿಯನ್ನು ಬಸ್ಸಿಗೆ ಹತ್ತಿಸಿ ಕಳಿಸಿದರು. ಮುನಶಿ ವಯಸ್ಸಾದ ಮನುಷ್ಯ. ಅಂಗಡಿಗೆ ಬಂದವನೇ ಟೋಪಿ ತೆಗೆದಿಟ್ಟು, ಗಂಟಲು ಸರಿ ಮಾಡಿಕೊಂಡು, "ಗರ್ರ್ರ್... ಉಸ್" ಅಂದ. ತಿರುವಿನಲ್ಲಿ ಹೆಚ್ಚಾಗುತ್ತದೋ ಅಂತ ಕೇಳಿದೆ. ಅಂಗಳದಲ್ಲಿ ಓಡಿ, ಎಡಕ್ಕೆ ತಿರುಗಿ, ಸದ್ದು ಏರಿಸಿ ತೋರಿಸಿದ. ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದು ನಿಂತರು.

ಮುಂದಿನ ಚಕ್ರದ ಬೇರಿಂಗು ಹೋಗಿದೆಯೆಂದು ಗೊತ್ತಾಯಿತು. ಆದರೆ ಕೊನೆಯ 'ಉಸ್'ನಲ್ಲಿ ಬರುವ ಆ ಸಣ್ಣ ಸಿಳ್ಳೆ ಯಾವುದರದು? ಫ್ಯಾನ್ ಬೆಲ್ಟಿನದೇ ಇರಬೇಕೆಂದು ಹೊಸ ಬೇರಿಂಗಿನ ಜತೆ ಒಂದು ಬೆಲ್ಟನ್ನೂ ಚೀಲಕ್ಕೆ ಹಾಕಿಕೊಂಡು ಮುನಶಿಯ ಜತೆ ಕಲ್ಯಾಣಿಗೆ ಹೋದೆ. ಚಕ್ರ ಬಿಚ್ಚಿದರೆ ಬೇರಿಂಗಿನ ಗುಂಡುಗಳು ಪುಡಿಯಾಗಿದ್ದವು. ಹೊಸದು ಕೂಡಿಸಿದೆ. ಗರಗರ ನಿಂತಿತು. ಸಿಳ್ಳೆ ಮಾತ್ರ ಸಿಗಲಿಲ್ಲ. ಕಾರನ್ನು ಕೋಟೆಯ ತನಕ ಓಡಿಸಿ ಬಂದರೂ ಕೇಳಿಸಲಿಲ್ಲ. ಅರ್ಧ ರೋಗ ಒಳಗೇ ಉಳಿಯಿತೆಂದು ವ್ಯಾಪಾರಿ ಚಿಂತೆಗೆ ಬಿದ್ದರು.

ಆಗ ಮುನಶಿ ಸಮಾಧಾನ ಹೇಳಿದ. "ಸಾಕು ಬಿಡ್ರಿ ಸಾವಕಾರ್ರ, ಸದ್ದು ಸುಮ್ಮನಾಗೇದ."

ಒಂದೊಂದು 'ಸ'ಕ್ಕೂ ಅದೇ ಸಿಳ್ಳೆ ಬಂತು. ಅವನ ಮುಂದಿನ ಹಲ್ಲು ಬಿದ್ದಿತ್ತು. ವ್ಯಾಪಾರಿ ನನ್ನ ಮುಖ ನೋಡಿದರು. ಈ ರಿಪೇರಿ ನನ್ನ ಕೈಲಿಲ್ಲ ಅಂದೆ.

ಗೌಡರ ತಾಯಿ

ದುಬಲಗುಂಡಿ ಕಡೆಯ ಗೌಡರೊಬ್ಬರು ಮಗಳನ್ನು ಗಂಡನ ಮನೆಗೆ ಬಿಡಲು ಕಾರಿನಲ್ಲಿ ಹೊರಟಿದ್ದರು. ಊರು ಬಿಟ್ಟಾಗಿನಿಂದ ಗರಗರ ಸದ್ದು. ಒಳ್ಳೆಯ ಗಳಿಗೆ ಮೀರುವುದರೊಳಗೆ ಹುಡುಗಿ ಅತ್ತೆಮನೆಯ ಹೊಸ್ತಿಲು ದಾಟಬೇಕಿತ್ತು. ಗೌಡರು ನನ್ನ ಅಂಗಡಿ ಮುಂದೆ ಕಾರು ನಿಲ್ಲಿಸಿ ಅವಸರ ಮಾಡತೊಡಗಿದರು.

ಬ್ರೇಕು ಬಿಚ್ಚಿ ನೋಡಿದೆ, ಚೊಕ್ಕಟ. ಚಕ್ರ ಅಲುಗಿಸಿ ನೋಡಿದೆ, ಗಟ್ಟಿ. ಗೇರಿನ ಪೆಟ್ಟಿಗೆಗೆ ಎಣ್ಣೆ ಹಾಕಿದೆ. ನಿಂತಾಗ ಸದ್ದಿಲ್ಲ, ಓಡಿಸಿದರೆ ಗರಗರ. ಗಳಿಗೆ ಹತ್ತಿರ ಬಂದಂತೆ ಮದುಮಗಳ ಕಣ್ಣಲ್ಲಿ ನೀರು ಬಂತು. ಗೌಡರ ತಾಯಿ ಹಿಂದಿನ ಸೀಟಿನಲ್ಲಿ ಎಲೆಯಡಿಕೆ ಹಾಕಿಕೊಂಡು ಎಲ್ಲವನ್ನೂ ಶಾಂತವಾಗಿ ನೋಡುತ್ತ ಕೂತಿದ್ದರು.

ಕೊನೆಗೆ ಸೀಟೇ ಕೀಳಬೇಕೆಂದು ಅಜ್ಜಿಯನ್ನು ಇಳಿಸಿದೆ. ಅವರ ಕಾಲ ಬುಡದಲ್ಲಿ ಸೀರೆ ಮುಚ್ಚಿಟ್ಟ ಬೀಸುವ ಕಲ್ಲು ಇತ್ತು. ಬೀಗರ ಮನೆಯ ಕಲ್ಲಿನಲ್ಲಿ ಜೋಳದ ಹಿಟ್ಟು ತರಿತರಿ ಬೀಳುತ್ತದಂತೆ, ಅದಕ್ಕೇ ಮೊಮ್ಮಗಳಿಗಾಗಿ ಮನೆಯ ಕಲ್ಲನ್ನೇ ತಂದಿದ್ದರು. ಕಾರು ಕುಲುಕಿದಾಗಲೆಲ್ಲ ಮೇಲಿನ ಕಲ್ಲು ಕೆಳಗಿನದರ ಮೇಲೆ ತಿರುಗುತ್ತಿತ್ತು.

ಮೊದಲೇ ಯಾಕೆ ಹೇಳಲಿಲ್ಲ ಅಂತ ಗೌಡರು ಸಿಟ್ಟಾದರು. ಅಜ್ಜಿ ಎಲೆಯ ರಸ ಉಗುಳಿ, "ನೀ ಗಾಡಿ ಸದ್ದು ಕೇಳಾಕತ್ತಿದ್ದಿ. ಕಲ್ಲಿನ ಸದ್ದು ಯಾರು ಕೇಳಿದ್ರು?" ಅಂದರು.

ಎರಡು ಕಲ್ಲಿನ ನಡುವೆ ಗೋಣಿಚೀಲ ಮಡಚಿ ಇಟ್ಟು ಕಳಿಸಿದೆ. ನಾನು ಮಾಡಿದ ರಿಪೇರಿಗಳಲ್ಲಿ ಮರಳಿ ಬಾರದೆ ಉಳಿದದ್ದು ಅದೊಂದೇ.

ಸದ್ದು ನಿಲ್ಲಿಸಿದ ತಪ್ಪಿಗೆ

ಹೊಸದಾಗಿ ಬಂದ ಸರಕಾರಿ ಸಾಹೇಬರೊಬ್ಬರು ಸುತ್ತಲಿನ ಕಚೇರಿಗಳ ತಪಾಸಣೆಗೆ ತಮ್ಮ ಹಳೆಯ ಕಾರಿನಲ್ಲಿ ಓಡಾಡುತ್ತಿದ್ದರು. ಅದು ಊರಾಚೆಯ ಮಾಣಿಕನಗರ ದಾಟುವಾಗಲೇ ಹುಮನಾಬಾದಿಗೆ ಕೇಳಿಸುತ್ತಿತ್ತು. ಹಿಂದಿನ ಚಕ್ರಗಳ ನಡುವಿನ ಹಲ್ಲುಗಾಲಿಗಳು ಸವೆದಿದ್ದವು. ಸೊಲ್ಲಾಪುರದಿಂದ ಸಾಮಾನು ತರಿಸಿ ಹಾಕಿದೆ. ಕಾರು ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡತೊಡಗಿತು. ಸಾಹೇಬರು ಶಾಬಾಶ್ ಅಂದು ಹೋದರು.

ಕೆಲವೇ ದಿನಗಳಲ್ಲಿ ಕಲ್ಯಾಣಿ ಕಚೇರಿಯ ಗುಮಾಸ್ತರೊಬ್ಬರು ಅಂಗಡಿಗೆ ಬಂದರು. ಕಾರಿನ ಸದ್ದೇ ಇಲ್ಲದೆ ಸಾಹೇಬರು ಬಂದಾಗ ಅವರು ಮೇಜಿನ ಮೇಲೆ ಕಾಲು ಚಾಚಿ ನಿದ್ದೆ ಹೋಗಿದ್ದರಂತೆ. ಎಬ್ಬಿಸಬೇಕಾದ ಚಪರಾಸಿ ಬಾಗಿಲಲ್ಲೇ ಕೂತು ಗಡ್ಡ ಮಾಡಿಸಿಕೊಳ್ಳುತ್ತಿದ್ದನಂತೆ. ನೌಕರಿಯಿಂದ ಯಾಕೆ ತೆಗೆಯಬಾರದೆಂದು ಸಾಹೇಬರು ಜವಾಬು ಕೇಳಿದ್ದರು. ಮನೆಯಲ್ಲಿ ಉಣ್ಣುವ ಬಾಯಿ ಬಹಳ, ದುಡಿಯುವವರು ಅವರೊಬ್ಬರೇ.

"ಮಿಸ್ತ್ರಿ, ಆ ಸದ್ದು ಹೊಳ್ಳಿ ಹಾಕಿ ಕೊಡ್ರಿ," ಅಂದರು.

ಸದ್ದು ತೆಗೆಯುವುದಷ್ಟೇ ನನ್ನ ಕೆಲಸ ಅಂದೆ. ಬೇಜಾರಿನಿಂದ ಹೋದರು. ಆಮೇಲೆ ಶಾಲೆಯ ಮಾಸ್ತರರು ಬಂದರು, ಅವರದೂ ಅದೇ ಬೇಡಿಕೆ. ಇದು ಸಾಹೇಬರ ಕಿವಿಗೆ ಬಿದ್ದರೆ ನನ್ನ ಅಂಗಡಿಗೇ ಬೀಗ ಬೀಳುತ್ತದೆಂದು ಹೆದರಿದೆ.

ಒಂದು ದಿನ ಸಾಹೇಬರೇ ಬಂದರು. ಕಾರು ಬಂದು ನಿಂತದ್ದೇ ನನಗೆ ತಿಳಿಯಲಿಲ್ಲ. ತಲೆ ಎತ್ತಿದರೆ ಎದುರಿಗೆ ನಿಂತಿದ್ದರು. ಬೋಲ್ಟು ಬಿಗಿಯುತ್ತಿದ್ದ ಪಾನಾ ನನ್ನ ಕೈಯಿಂದ ಜಾರಿ ಬಿತ್ತು. ಅವರು ಆ ಕಡೆ ಈ ಕಡೆ ನೋಡಿ, ಹತ್ತಿರ ಬಂದು, ಗುಮಾಸ್ತರನ್ನು ಮಾಫ್ ಮಾಡಿದ್ದೇನೆ ಅಂದರು. ಆಮೇಲೆ ದನಿ ಇನ್ನಷ್ಟು ಇಳಿಸಿದರು.

"ಮೊದಲ ನಾ ಹೋಗೂದ್ರಾಗ ಬಿಸಿ ಚಹಾ ತಯಾರ ಇರ್ತಿತ್ತು. ಈಗ ಎಲ್ಲಿ ಹೋದ್ರೂ ಜನ ಹೆದರಿ ನಿಂತ ಬಿಡ್ತಾರ, ನೀರು ಕೊಡವ್ರೂ ಇಲ್ಲ. ಮಿಸ್ತ್ರಿ, ಆ ಹಳೇ ಹಲ್ಲುಗಾಲಿ ಇನ್ನಾ ಗುಜರಿಗೆ ಒಗದಿಲ್ಲಲ್ಲ?"